ಬೊಕ್ಕತಲೆ ಮದ್ದಿನ ಸಂಶೋಧನಾ ವರದಿಯನ್ನು ಓದುವುದು ಹೇಗೆ

'ಕೂದಲು 45% ಹೆಚ್ಚು ಬೆಳೆಯಿತು' ಎಂಬ ಸಾಲು ಕಣ್ಣಿಗೆ ಬಿದ್ದರೆ ಮೊದಲು ಪೆನ್ನು ಕೈಗೆತ್ತಿಕೊಳ್ಳಿ. ಆ ಶೇಕಡಾವಾರು ಯಾವ ಎರಡು ಸಂಖ್ಯೆಗಳಿಂದ ಹುಟ್ಟಿತು ಎಂದು ವರದಿಯೊಳಗೆ ಹುಡುಕಿ, ಆ ಎರಡನ್ನೂ ಬರೆದಿಡಿ. ಈ 45% ನಿಜವಾದ ಅಂಕಿಯೇ. 2002ರಲ್ಲಿ ಪ್ರಕಟವಾದ, 393 ಗಂಡಸರ ಮೇಲೆ 48 ವಾರ ನಡೆದ ಪ್ರಯೋಗವೊಂದರಲ್ಲಿ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಎಂಬ ಮದ್ದಿನ 5% ದ್ರಾವಣವು 2% ದ್ರಾವಣಕ್ಕಿಂತ ಅಷ್ಟು ಹೆಚ್ಚು ಕೂದಲು ಬೆಳೆಸಿತು. ಕೋಷ್ಟಕ ನೋಡಿದರೆ ಲೆಕ್ಕ ಹೀಗಿದೆ: ನೆತ್ತಿಯ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ 5% ಹಚ್ಚಿದವರಿಗೆ ಸರಾಸರಿ 18.6 ಕೂದಲು ಹೆಚ್ಚಾದವು, 2% ಹಚ್ಚಿದವರಿಗೆ 12.7, ಔಷಧಿಯೇ ಇಲ್ಲದ ದ್ರಾವಣ ಹಚ್ಚಿದವರಿಗೆ 3.9.

ಅಂದರೆ 45% ಎಂಬುದರ ಹಿಂದಿರುವುದು ಚದರ ಸೆಂಟಿಮೀಟರಿಗೆ ಸುಮಾರು ಆರು ಕೂದಲು. ಔಷಧಿಯ ನಿಜವಾದ ದುಡಿಮೆ 18.6ರಿಂದ 3.9 ಕಳೆದರೆ ಉಳಿಯುವ 14.7. ಇದು ಸಣ್ಣ ಫಲವೇನಲ್ಲ. ಆದರೆ 'ಅರ್ಧದಷ್ಟು ಕೂದಲು ಮರಳಿ ಬಂತು' ಎಂದು ಓದಿಕೊಂಡವರಿಗೂ 'ಒಂದು ಉಗುರಿನಷ್ಟು ಜಾಗದಲ್ಲಿ ಹದಿನೈದು ಕೂದಲು ಹೆಚ್ಚಾಯಿತು' ಎಂದು ಓದಿಕೊಂಡವರಿಗೂ ನಿರೀಕ್ಷೆ ಬೇರೆ ಬೇರೆಯಾಗಿರುತ್ತದೆ. ಮೊದಲ ಗುಂಪಿನವರು ಮದ್ದನ್ನು ನಾಲ್ಕೇ ತಿಂಗಳಿಗೆ ಬೇಸತ್ತು ಬಿಟ್ಟುಬಿಡಬಹುದು.

ವರದಿ ಸಿಕ್ಕಾಗ ಸಾರಾಂಶವನ್ನು ಕೊನೆಗೆ ಓದಿ. ಮೊದಲು ವಿಧಾನದ ಭಾಗ, ಆಮೇಲೆ ಕೋಷ್ಟಕಗಳು, ಅದಾದ ಮೇಲೆ ಸಾರಾಂಶ. ಒಂದು ಹಾಳೆಯಲ್ಲಿ ಐದು ಸಾಲು ಗೆರೆ ಎಳೆದುಕೊಳ್ಳಿ: ಯಾರ ಮೇಲೆ ಪ್ರಯೋಗ, ಏನನ್ನು ಎಣಿಸಿದರು, ಯಾವುದರ ಎದುರು ಹೋಲಿಸಿದರು, ಎಷ್ಟು ವಾರ, ನಡುವೆ ಬಿಟ್ಟುಹೋದವರೆಷ್ಟು. ಐದರಲ್ಲಿ ಯಾವುದಾದರೂ ಒಂದಕ್ಕೆ ವರದಿಯಲ್ಲಿ ಉತ್ತರ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡಿ. ಊಹೆಯಿಂದ ತುಂಬಬೇಡಿ.

ಕೂದಲ ಬುಡದಲ್ಲಿ ನಡೆಯುವುದು

ಪ್ರಯೋಗಕ್ಕೆ ಎಷ್ಟು ಸಮಯ ಬೇಕು, ಏನನ್ನು ಅಳೆಯಬೇಕು ಎನ್ನುವುದೆಲ್ಲ ಇಲ್ಲಿಂದಲೇ ತೀರ್ಮಾನವಾಗುವುದರಿಂದ ಇಷ್ಟು ತಿಳಿದಿರಲಿ. ತಲೆಗೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರ ಮುದುಡುತ್ತದೆ, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ಅದೇ ಬುಡದಿಂದ ಮತ್ತೆ ಹೊಸದು ಮೂಡುತ್ತದೆ. ಬೊಕ್ಕತಲೆಯಾಗುವವರಲ್ಲಿ ಡೈಹೈಡ್ರೊಟೆಸ್ಟೊಸ್ಟೆರಾನ್, ಚಿಕ್ಕದಾಗಿ ಡಿಎಚ್‌ಟಿ, ಎಂಬ ಹಾರ್ಮೋನಿನ ಪ್ರಭಾವದಿಂದ ಪ್ರತಿ ಸುತ್ತಿಗೂ ಬೆಳವಣಿಗೆಯ ಅವಧಿ ಕುಗ್ಗುತ್ತದೆ, ಬುಡ ಸಣ್ಣದಾಗುತ್ತದೆ, ಕೂದಲು ತೆಳ್ಳಗಾಗುತ್ತದೆ. ಕೊನೆಗೆ ಉಳಿಯುವುದು ಮಗುವಿನ ಕೆನ್ನೆಯ ಮೇಲಿರುವಂಥ ತುಪ್ಪುಳಗೂದಲು. ಬಹುಕಾಲದವರೆಗೆ ಬುಡ ಸತ್ತಿರುವುದಿಲ್ಲ, ಕುಗ್ಗಿರುತ್ತದೆ ಅಷ್ಟೆ. ಚಿಕಿತ್ಸೆಗೆ ಅವಕಾಶ ಉಳಿದಿರುವುದು ಈ ಕಾರಣಕ್ಕೆ.

ಹಾರ್ಮೋನಿನ ಪಾತ್ರವನ್ನು 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ತೋರಿಸಿಕೊಟ್ಟರು. ಹರೆಯಕ್ಕೆ ಮುಂಚೆ ವೃಷಣ ಕಳೆದುಕೊಂಡವರಿಗೆ ತಲೆ ಬೋಳಾಗಿರಲಿಲ್ಲ. ಅಂಥವರಿಗೆ ಟೆಸ್ಟೊಸ್ಟೆರಾನ್ ಕೊಟ್ಟಾಗ, ವಂಶದಲ್ಲಿ ಬೊಕ್ಕತಲೆ ಇದ್ದವರಿಗೆ ಕೂದಲು ಹೋಗತೊಡಗಿತು. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಅಧ್ಯಯನದಿಂದ ಇನ್ನೊಂದು ಎಳೆ ಸಿಕ್ಕಿತು: ಟೆಸ್ಟೊಸ್ಟೆರಾನನ್ನು ಡಿಎಚ್‌ಟಿಯಾಗಿ ಮಾರ್ಪಡಿಸುವ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಅಲ್ಲಿನ ಗಂಡಸರಲ್ಲಿ ಬೊಕ್ಕತಲೆ ಕಾಣಲಿಲ್ಲ. ಫಿನಾಸ್ಟರೈಡ್ ಇದೇ ಕಿಣ್ವವನ್ನು ತಡೆಯುವ ಮಾತ್ರೆ. ಮಿನಾಕ್ಸಿಡಿಲ್ ಬಂದ ದಾರಿಯೇ ಬೇರೆ. ಅದು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆಯುವುದು ಕಂಡುಬಂದು, 1988ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚುವ 2% ದ್ರಾವಣವಾಗಿ ಅನುಮತಿ ಪಡೆಯಿತು. 1 ಮಿಲಿಗ್ರಾಂ ಫಿನಾಸ್ಟರೈಡ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 1997ರಲ್ಲಿ.

ಯಾರ ಮೇಲೆ ಪ್ರಯೋಗ ನಡೆಯಿತು

ಗಂಡಸರ ಬೊಕ್ಕತಲೆಯನ್ನು ಹ್ಯಾಮಿಲ್ಟನ್-ನಾರ್ವುಡ್ ಅಳತೆಯಲ್ಲಿ ಏಳು ಹಂತಗಳಾಗಿ ವಿಂಗಡಿಸುತ್ತಾರೆ. ಹೆಂಗಸರಲ್ಲಿ ಮುಂದಲೆಯ ಗೆರೆ ಹೆಚ್ಚಾಗಿ ಹಾಗೇ ಉಳಿದು ಬೈತಲೆ ಅಗಲವಾಗುತ್ತ ಹೋಗುತ್ತದೆ. ಅದಕ್ಕೆ ಲುಡ್ವಿಗ್ ಅಳತೆಯ ಮೂರು ಹಂತಗಳಿವೆ. ವರದಿಯಲ್ಲಿ ಯಾವ ಹಂತದವರನ್ನು ಸೇರಿಸಿಕೊಂಡರು ಎಂದು ನೋಡಿ. ದೊಡ್ಡ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ನೆತ್ತಿ ತೆಳುವಾಗತೊಡಗಿದ, ಇನ್ನೂ ಪೂರ್ತಿ ಬೋಳಾಗದ ಗಂಡಸರ ಮೇಲೆ. ಆರು, ಏಳನೇ ಹಂತದವರು ಆ ಫಲಿತಾಂಶವನ್ನು ತಮ್ಮದೆಂದು ಹಿಡಿಯುವಂತಿಲ್ಲ. ನೆತ್ತಿಯ ಎಣಿಕೆಯನ್ನು ಕಿವಿಯ ಮೇಲಿನ ಹಣೆಮೂಲೆಗಳಿಗೆ ಒಯ್ಯುವಂತೆಯೂ ಇಲ್ಲ.

ಲಿಂಗ, ವಯಸ್ಸು ಇವೆರಡೂ ಫಲಿತಾಂಶವನ್ನೇ ತಿರುಗಿಸಿಬಿಡುತ್ತವೆ. ಗಂಡಸರಲ್ಲಿ ಚೆನ್ನಾಗಿ ಕೆಲಸ ಮಾಡಿದ 1 ಮಿಲಿಗ್ರಾಂ ಫಿನಾಸ್ಟರೈಡನ್ನು ಮುಟ್ಟು ನಿಂತ 137 ಹೆಂಗಸರಿಗೆ ಒಂದು ವರ್ಷ ಕೊಟ್ಟು ನೋಡಿದ, 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ಲಸೀಬೊಗಿಂತ, ಅಂದರೆ ಔಷಧಿಯಿಲ್ಲದ ಹುಸಿಮದ್ದಿಗಿಂತ, ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಗರ್ಭಿಣಿಯರಿಗಂತೂ ಈ ಮದ್ದು ಕೂಡದು. ಹೊಟ್ಟೆಯಲ್ಲಿರುವ ಗಂಡುಮಗುವಿನ ಜನನಾಂಗದ ಬೆಳವಣಿಗೆಗೆ ಡಿಎಚ್‌ಟಿ ಬೇಕೇ ಬೇಕು.

ಕಾಯಿಲೆಗಳ ಹೆಸರು ಬೆರೆತುಹೋಗಿವೆಯೇ ಎಂದೂ ನೋಡಬೇಕು. ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ತೀವ್ರ ಪಥ್ಯ ಇವುಗಳಾದ ಎರಡು ಮೂರು ತಿಂಗಳಿಗೆ ರಾಶಿರಾಶಿ ಕೂದಲು ಉದುರುವುದು ಟೆಲೊಜೆನ್ ಎಫ್ಲುವಿಯಂ. ಅದು ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಇಂಥವರು ಗುಂಪಿನಲ್ಲಿ ಸೇರಿಕೊಂಡರೆ ಬರಿ ನೀರು ಹಚ್ಚಿದರೂ ಒಳ್ಳೆಯ ಫಲಿತಾಂಶ ಬರುತ್ತದೆ. ನಾಣ್ಯದಾಕಾರದಲ್ಲಿ ಕೂದಲು ಹೋಗುವ ಅಲೋಪೇಶಿಯಾ ಏರಿಯಾಟ ಇನ್ನೂ ಬೇರೆ. ಅದು ರೋಗನಿರೋಧಕ ವ್ಯವಸ್ಥೆಯ ಏರುಪೇರು. ಬ್ಯಾರಿಸಿಟಿನಿಬ್ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಆ ಕಾಯಿಲೆಗೆ. 'ಬೋಳುತಲೆಗೆ ಮಾತ್ರೆ ಬಂತು' ಎಂಬ ಸುದ್ದಿ ಓದಿ ಬೊಕ್ಕತಲೆಯವರು ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಹಳೆಯ ಮದ್ದು ನಿಲ್ಲಿಸಿ ಎಷ್ಟು ದಿನ ಬಿಟ್ಟು ಪ್ರಯೋಗಕ್ಕೆ ಸೇರಿಸಿಕೊಂಡರು ಎಂಬ ಅಂತರವೂ ಮುಖ್ಯ. ಮಿನಾಕ್ಸಿಡಿಲ್ ಬಿಟ್ಟವರಿಗೆ ಮುಂದಿನ ಕೆಲವು ತಿಂಗಳು ಗಳಿಸಿದ ಕೂದಲೆಲ್ಲ ಉದುರುತ್ತಿರುತ್ತದೆ. ಕೆಲವೇ ವಾರಗಳ ಅಂತರ ಕೊಟ್ಟು ಪ್ರಯೋಗ ಆರಂಭಿಸಿದರೆ ಹೊಸ ಮದ್ದಿನ ಲೆಕ್ಕದಲ್ಲಿ ಹಳೆಯ ಮದ್ದಿನ ನಷ್ಟವೂ ಸೇರುತ್ತದೆ.

ಎಣಿಸಿದ್ದು ಹೇಗೆ

ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ. ಒಳ್ಳೆಯ ಪ್ರಯೋಗದಲ್ಲಿ ಎಣಿಕೆ ನಡೆಯುವ ಬಗೆ ಹೀಗೆ. ನೆತ್ತಿಯ ಅಂಚಿನಲ್ಲಿ, ಕೂದಲು ತೆಳುವಾಗುತ್ತಿರುವ ಜಾಗದಲ್ಲಿ, ಸುಮಾರು ಒಂದು ಚದರ ಸೆಂಟಿಮೀಟರಿನ ವೃತ್ತ ಗುರುತಿಸುತ್ತಾರೆ. ಅದರ ನಡುವೆ ಸೂಜಿಮೊನೆಯಷ್ಟು ಹಚ್ಚೆ ಚುಕ್ಕೆ ಹಾಕುತ್ತಾರೆ. ವೃತ್ತದೊಳಗಿನ ಕೂದಲನ್ನು ಬುಡದವರೆಗೆ ಕತ್ತರಿಸುತ್ತಾರೆ. ಗಾಜಿನ ತಟ್ಟೆ ಒತ್ತಿಹಿಡಿದು, ಒಂದೇ ದೂರದಿಂದ, ಒಂದೇ ಬೆಳಕಿನಲ್ಲಿ ದೊಡ್ಡದಾಗಿ ಕಾಣುವ ಚಿತ್ರ ತೆಗೆಯುತ್ತಾರೆ. ಎರಡು ಮೂರು ದಿನ ಬಿಟ್ಟು ಅದೇ ಜಾಗದ ಚಿತ್ರ ಮತ್ತೆ ತೆಗೆದರೆ, ಬೆಳೆಯುವ ಹಂತದ ಕೂದಲು ದಿನಕ್ಕೆ ಸುಮಾರು 0.35 ಮಿಲಿಮೀಟರ್‌ನಂತೆ ಉದ್ದವಾಗಿರುತ್ತದೆ, ಸುಮ್ಮನಿರುವ ಹಂತದ್ದು ಇದ್ದಲ್ಲೇ ಇರುತ್ತದೆ. ಹೀಗೆ ಎರಡನ್ನೂ ಬೇರೆ ಬೇರೆ ಎಣಿಸಬಹುದು. ಇದಕ್ಕೆ ಫೋಟೊಟ್ರೈಕೊಗ್ರಾಂ ಎನ್ನುತ್ತಾರೆ.

ಆ ಹಚ್ಚೆ ಚುಕ್ಕೆ ಯಾಕೆ ಬೇಕು? ಒಂದು ಚದರ ಸೆಂಟಿಮೀಟರ್ ವೃತ್ತದ ಅಡ್ಡಳತೆ 11.3 ಮಿಲಿಮೀಟರ್. ಎರಡನೇ ಸಲ ಕ್ಯಾಮೆರಾ ಬರಿ 2 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಮೊದಲಿನ ಜಾಗದ ಐದರಲ್ಲೊಂದು ಭಾಗಕ್ಕಿಂತ ಹೆಚ್ಚು ಚೌಕಟ್ಟಿನಿಂದ ಹೊರಬಿದ್ದು, ಅಷ್ಟೇ ಹೊಸ ಜಾಗ ಒಳಗೆ ಬರುತ್ತದೆ. ಬೋಳಿನ ಕಡೆಯಿಂದ ಕೂದಲಿನ ಕಡೆಗೆ ಸರಿದರೆ ಮದ್ದಿಲ್ಲದೆಯೇ ಹತ್ತು ಹದಿನೈದು ಕೂದಲು 'ಬೆಳೆದು'ಬಿಡಬಹುದು. ಮಿನಾಕ್ಸಿಡಿಲ್ ಕೊಡುವ ಫಲವೇ ಅಷ್ಟು ಎಂಬುದನ್ನು ನೆನಪಿಡಿ. ಹಾಗಾಗಿ 'ಕಿವಿಯಿಂದ, ಮೂಗಿನಿಂದ ಅಳೆದು ಜಾಗ ಗುರುತಿಸಿದೆವು' ಎಂದಷ್ಟೇ ಬರೆದ ವರದಿಯನ್ನು ನಾವು ಅರ್ಧ ಮನಸ್ಸಿನಿಂದಲೇ ಓದುತ್ತೇವೆ.

ಇನ್ನು ಯಾವುದನ್ನು ಕೂದಲೆಂದು ಎಣಿಸಿದರು? ಸಾಮಾನ್ಯವಾಗಿ 30 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳ್ಳಗಿದ್ದರೆ ತುಪ್ಪುಳು, ದಪ್ಪಗಿದ್ದರೆ ಪಕ್ವ ಕೂದಲು ಎಂದು ಗೆರೆ ಎಳೆಯುತ್ತಾರೆ. ಕೆಲವರು ಆ ಗೆರೆಯನ್ನು 40ಕ್ಕೆ ಇಡುತ್ತಾರೆ. 29 ಮೈಕ್ರಾನಿನ ಕೂದಲು 31 ಆದರೆ ಕಣ್ಣಿಗೆ ಏನೂ ಕಾಣದು, ಎಣಿಕೆಯಲ್ಲಿ ಮಾತ್ರ ಒಂದು ಹೊಸ ಕೂದಲು ಹುಟ್ಟಿರುತ್ತದೆ. ತದ್ವಿರುದ್ಧವಾಗಿ, 40 ಮೈಕ್ರಾನಿನದು 60 ಆದರೆ ಎಣಿಕೆ ಬದಲಾಗದು, ಆದರೆ ಅಡ್ಡಕೊಯ್ತ ಎರಡೂಕಾಲು ಪಟ್ಟಾಗಿ ತಲೆ ತುಂಬಿದಂತೆ ಕಾಣುತ್ತದೆ. ಈ ಕಾರಣಕ್ಕೆ ಎಣಿಕೆಯ ಜೊತೆಗೆ ದಪ್ಪವನ್ನೂ ಕೊಟ್ಟ ವರದಿಗೆ ಹೆಚ್ಚು ತೂಕ. ಸಣ್ಣ ಜಾಗದ ಕೂದಲನ್ನು ನಿಯತಕಾಲಕ್ಕೆ ಕತ್ತರಿಸಿ ತೂಗಿ ನೋಡುವ ಪದ್ಧತಿಯೂ ಇದೆ. ಅದರಲ್ಲಿ ಸಂಖ್ಯೆ, ದಪ್ಪ, ಬೆಳವಣಿಗೆಯ ವೇಗ ಮೂರೂ ಒಂದೇ ಅಂಕಿಯಲ್ಲಿ ಸೇರುತ್ತವೆ. ಶ್ರಮ ಹೆಚ್ಚಾದ್ದರಿಂದ ಅದನ್ನು ಬಳಸಿದವರು ಕಡಿಮೆ. ನಮ್ಮ ದೃಷ್ಟಿಯಲ್ಲಿ ಅದು ಇನ್ನೂ ಹೆಚ್ಚು ಬಳಕೆಯಾಗಬೇಕಿತ್ತು.

ಬಿಳಿಗೂದಲು, ತಿಳಿಬಣ್ಣದ ಕೂದಲು ಚಿತ್ರದಲ್ಲಿ ಚರ್ಮದೊಡನೆ ಬೆರೆತು ತಪ್ಪಿಸಿಕೊಳ್ಳುತ್ತವೆ. ಎಣಿಸುವ ಮುಂಚೆ ಆ ಜಾಗಕ್ಕೆ ಬಣ್ಣ ಹಚ್ಚಿದರೋ ಇಲ್ಲವೋ ನೋಡಿ. ಮೊದಲ ಸಲ ಹಚ್ಚದೆ ಎರಡನೇ ಸಲ ಹಚ್ಚಿದ್ದರೆ ಆ ಹೋಲಿಕೆ ದಂಡ.

ಬೇರೆ ಬೇರೆ ಪ್ರಯೋಗಗಳ ಅಂಕಿಗಳನ್ನು ಅಕ್ಕಪಕ್ಕ ಇಡುವ ಮುನ್ನ ಜಾಗದ ಅಳತೆಯನ್ನು ಒಂದೇ ಮಾಡಿಕೊಳ್ಳಿ. 1998ರಲ್ಲಿ ಪ್ರಕಟವಾದ ಫಿನಾಸ್ಟರೈಡ್ ಪ್ರಯೋಗಗಳಲ್ಲಿ 1,553 ಗಂಡಸರಿದ್ದರು. ಎಣಿಸಿದ್ದು ಒಂದು ಇಂಚು ಅಡ್ಡಳತೆಯ ವೃತ್ತದಲ್ಲಿ. ಆರಂಭದಲ್ಲಿ ಅಲ್ಲಿ ಸರಾಸರಿ 876 ಕೂದಲುಗಳಿದ್ದವು. ಒಂದು ವರ್ಷದ ಕೊನೆಗೆ ಮಾತ್ರೆಯವರಿಗೂ ಪ್ಲಸೀಬೊದವರಿಗೂ 107 ಕೂದಲಿನ ಅಂತರ, ಎರಡು ವರ್ಷಕ್ಕೆ 138. ಇಂಚಿನ ವೃತ್ತವೆಂದರೆ 5.07 ಚದರ ಸೆಂಟಿಮೀಟರ್. 107ನ್ನು ಅದರಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 21. ಈಗ ಮಿನಾಕ್ಸಿಡಿಲ್‌ನ 14.7ರ ಪಕ್ಕ ಇಟ್ಟು ನೋಡಬಹುದು. ಆದರೂ 'ಫಿನಾಸ್ಟರೈಡ್ ಇಷ್ಟು ಪಟ್ಟು ಮೇಲು' ಎಂದು ಇದರಿಂದ ಹೇಳಬಾರದು: ಜನ ಬೇರೆ, ಅವಧಿ ಬೇರೆ, ಎಣಿಸಿದವರು ಬೇರೆ. ಎರಡು ಮದ್ದುಗಳಲ್ಲಿ ಯಾವುದು ಮೇಲು ಎಂಬ ಮಾತು ಒಂದೇ ಪ್ರಯೋಗದೊಳಗೆ ಚೀಟಿ ಎತ್ತಿ ಹಂಚಿದ ಗುಂಪುಗಳಿಂದ ಮಾತ್ರ ಬರಬೇಕು.

ಪೂರ್ತಿ ತಲೆಯ ಚಿತ್ರಗಳನ್ನು ನೋಡಿ ತಜ್ಞರು ಅಂಕ ಕೊಡುವುದು ಇನ್ನೊಂದು ದಾರಿ. ತುಂಬಾ ಕಡಿಮೆಯಾಗಿದೆ ಎಂಬುದಕ್ಕೆ -3, ಬದಲಾವಣೆಯಿಲ್ಲ ಎಂಬುದಕ್ಕೆ 0, ತುಂಬಾ ಹೆಚ್ಚಾಗಿದೆ ಎಂಬುದಕ್ಕೆ +3. ಕನ್ನಡಿಯಲ್ಲಿ ಕಾಣುವುದಕ್ಕೆ ಹತ್ತಿರವಾದ ಅಳತೆ ಇದೇ. ಅಂಕ ಕೊಡುವವರಿಗೆ ಯಾವುದು ಮೊದಲಿನದು, ಯಾರಿಗೆ ಮದ್ದು ಸಿಕ್ಕಿತ್ತು ಎಂಬುದು ಗೊತ್ತಿರಬಾರದು. ವರದಿಯಲ್ಲಿ ಆ ಸಾಲು ಇದೆಯೇ ಹುಡುಕಿ.

ಯಾವುದರ ಎದುರು ಹೋಲಿಸಿದರು

ಮೇಲಿನ ಮಿನಾಕ್ಸಿಡಿಲ್ ಪ್ರಯೋಗದಲ್ಲಿ ಔಷಧಿಯಿಲ್ಲದ ದ್ರಾವಣ ಹಚ್ಚಿದವರಿಗೂ 3.9 ಕೂದಲು ಹೆಚ್ಚಾದವು. ಪ್ಲಸೀಬೊ ಗುಂಪೇ ಇಲ್ಲದಿದ್ದರೆ ಆ 3.9 ಕೂಡ ಮದ್ದಿನ ಹೆಸರಿಗೆ ಜಮಾ ಆಗುತ್ತಿತ್ತು. ಎಣಿಕೆಯ ಏರುಪೇರು, ಋತುಮಾನ, ಉದುರುವಿಕೆ ಜೋರಾಗಿದ್ದಾಗಲೇ ಜನ ವೈದ್ಯರ ಬಳಿ ಬರುವುದು ಇವೆಲ್ಲ ಅದರಲ್ಲಿ ಅಡಗಿರುತ್ತವೆ.

ಹಚ್ಚುವ ಮದ್ದಿಗೆ ಪ್ಲಸೀಬೊ ಎಂದರೆ ಅದೇ ವಾಸನೆ, ಅದೇ ಜಿಗುಟು, ಅದೇ ಉರಿ ಇರುವ ದ್ರಾವಣ. ಮಿನಾಕ್ಸಿಡಿಲ್ ದ್ರಾವಣದಲ್ಲಿ ಹಲವರಿಗೆ ತುರಿಕೆ ತರುವುದು ಅದರಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್; ಅದು ಎರಡು ಸೀಸೆಗಳಲ್ಲೂ ಇರಬೇಕು. ಲೇಸರ್ ಟೋಪಿ, ಬಾಚಣಿಗೆಗಳಾದರೆ ನೋಡಲು ಅದೇ ಥರದ, ಕೆಲಸಕ್ಕೆ ಬಾರದ ಬೆಳಕು ಸೂಸುವ ಸಾಧನ ಬೇಕು. ರಕ್ತದ ಪ್ಲೇಟ್‌ಲೆಟ್ ಸಾಂದ್ರಿಸಿ ಚುಚ್ಚುವ ಪಿಆರ್‌ಪಿ ಚಿಕಿತ್ಸೆಯಲ್ಲಿ ತಲೆಯ ಅರ್ಧಕ್ಕೆ ಪಿಆರ್‌ಪಿ, ಇನ್ನರ್ಧಕ್ಕೆ ಲವಣದ ನೀರು ಚುಚ್ಚಿ ಹೋಲಿಸಿದ ಪ್ರಯೋಗಗಳುಂಟು. ಚುಚ್ಚಿದ್ದು ಚರ್ಮದಡಿಯಲ್ಲಿ ಪಕ್ಕಕ್ಕೆ ಹರಡಬಹುದು, ಬರಿಯ ಸೂಜಿಗಾಯವೂ ಬುಡವನ್ನು ಕೆಣಕಬಹುದು. ರಕ್ತ ಎಷ್ಟು ತೆಗೆದರು, ಎಷ್ಟು ವೇಗದಲ್ಲಿ ಎಷ್ಟು ಹೊತ್ತು ತಿರುಗಿಸಿದರು, ಪ್ಲೇಟ್‌ಲೆಟ್ ಎಷ್ಟು ಪಟ್ಟಾಯಿತು, ಎಷ್ಟು ವಾರಕ್ಕೊಮ್ಮೆ ಚುಚ್ಚಿದರು ಎಂಬುದು ಒಂದೊಂದು ವರದಿಯಲ್ಲಿ ಒಂದೊಂದು ಥರ. 'ಪಿಆರ್‌ಪಿ ಕೆಲಸ ಮಾಡುತ್ತದೆಯೇ' ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗದಿರುವುದಕ್ಕೆ ಮುಖ್ಯ ಕಾರಣ ಇದು: ಹೆಸರು ಒಂದೇ, ಒಳಗಿನ ಸರಕು ಹತ್ತು ಬಗೆ.

ಪ್ಲಸೀಬೊ ಬಿಟ್ಟು ಹಳೆಯ ಮದ್ದಿನೊಡನೆ ಮಾತ್ರ ಹೋಲಿಸಿದಾಗ ಏನಾಗುತ್ತದೆ ಎನ್ನುವುದಕ್ಕೆ ರೋಸ್‌ಮೇರಿ ಎಣ್ಣೆಯ ಪ್ರಯೋಗವನ್ನು ಹತ್ತಿರದಿಂದ ನೋಡಿ. 2015ರಲ್ಲಿ ಪ್ರಕಟವಾದ ಇದರಲ್ಲಿ 50 ಜನ ರೋಸ್‌ಮೇರಿ ಎಣ್ಣೆ, 50 ಜನ 2% ಮಿನಾಕ್ಸಿಡಿಲ್ ಆರು ತಿಂಗಳು ಹಚ್ಚಿದರು. ಎಣ್ಣೆಯವರ ಸರಾಸರಿ ಎಣಿಕೆ 122.8ರಿಂದ 129.6ಕ್ಕೆ, ಮಿನಾಕ್ಸಿಡಿಲ್‌ನವರದು 138.4ರಿಂದ 140.7ಕ್ಕೆ ಏರಿತು. ಎರಡರ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬುದು ತೀರ್ಮಾನ. ಅದು ಹೊರಗೆ ಹರಡುವಾಗ 'ರೋಸ್‌ಮೇರಿ ಎಣ್ಣೆ ಮಿನಾಕ್ಸಿಡಿಲ್‌ಗೆ ಸಮ' ಎಂದಾಯಿತು.

ಈಗ ಆ ನಾಲ್ಕು ಸಂಖ್ಯೆಗಳನ್ನು ಬಿಡಿಸಿ. ಎಣ್ಣೆಯವರ ಗಳಿಕೆ 6.8. ಆದರೆ ಪ್ರಯೋಗ ಶುರುವಾಗುವ ಮೊದಲೇ ಎರಡು ಗುಂಪುಗಳ ನಡುವೆ 15.6ರ ಅಂತರವಿತ್ತು. ಒಬ್ಬರಿಂದೊಬ್ಬರಿಗೆ ಎಣಿಕೆಯ ಹರವು ಅದಕ್ಕಿಂತಲೂ ಬಹಳ ದೊಡ್ಡದಿತ್ತು. ಅಷ್ಟು ಹರವಿನ ನಡುವೆ 6.8 ಎಂಬುದು ಎಣಿಸುವ ತಪ್ಪಿನೊಳಗೇ ಮುಳುಗಿಹೋಗಬಹುದು. ಮಿನಾಕ್ಸಿಡಿಲ್‌ನವರ ಗಳಿಕೆ ಬರೀ 2.3, ಇದೇ 2% ದ್ರಾವಣ ದೊಡ್ಡ ಪ್ರಯೋಗದಲ್ಲಿ 12.7 ಕೊಟ್ಟಿತ್ತು. ಪರಿಚಿತ ಮದ್ದೇ ತನ್ನ ಎಂದಿನ ಫಲ ತೋರದಿದ್ದರೆ, ಜನ ಸರಿಯಾಗಿ ಹಚ್ಚಲಿಲ್ಲ ಅಥವಾ ಎಣಿಕೆಗೆ ಸೂಕ್ಷ್ಮತೆ ಸಾಲಲಿಲ್ಲ ಎಂದು ಅನುಮಾನಿಸಬೇಕು. ಅಂಥ ತಕ್ಕಡಿಯಲ್ಲಿ ಎರಡು ತಟ್ಟೆ ಸಮ ನಿಂತರೆ ತೂಕ ಸಮ ಎಂದಲ್ಲ, ತಕ್ಕಡಿಯೇ ಅಲುಗಾಡುತ್ತಿಲ್ಲ ಎಂದಿರಬಹುದು. ರೋಸ್‌ಮೇರಿ ನಿಷ್ಪ್ರಯೋಜಕ ಎಂದೂ ಇದರಿಂದ ಹೇಳಲಾಗದು. ಪ್ಲಸೀಬೊ ಗುಂಪೊಂದನ್ನು ಸೇರಿಸಿಕೊಂಡಿದ್ದರೆ ಉತ್ತರ ಸಿಗುತ್ತಿತ್ತು. ಆ ಅವಕಾಶ ಕೈತಪ್ಪಿದ್ದು ನಿಜಕ್ಕೂ ಬೇಸರದ ಸಂಗತಿ.

2024ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ 90 ಗಂಡಸರಿಗೆ 24 ವಾರ 5 ಮಿಲಿಗ್ರಾಂ ಮಿನಾಕ್ಸಿಡಿಲ್ ಮಾತ್ರೆ ಅಥವಾ ದಿನಕ್ಕೆರಡು ಸಲ 5% ದ್ರಾವಣ ಕೊಟ್ಟರು. ಮಾತ್ರೆ ದ್ರಾವಣಕ್ಕಿಂತ ಮೇಲೆಂದು ಸಾಬೀತಾಗಲಿಲ್ಲ. 'ಮೇಲೆಂದು ಸಾಬೀತಾಗಲಿಲ್ಲ' ಎನ್ನುವುದೂ 'ಎರಡೂ ಒಂದೇ' ಎನ್ನುವುದೂ ಬೇರೆ ಬೇರೆ ಮಾತು. ಸಮವೆಂದು ತೋರಿಸಬೇಕಾದರೆ ಎಷ್ಟು ವ್ಯತ್ಯಾಸವನ್ನು ಲೆಕ್ಕಕ್ಕಿಲ್ಲದ್ದೆಂದು ಬಿಡುತ್ತೇವೆ ಎಂದು ಮೊದಲೇ ಹೇಳಿ, ಅದಕ್ಕೆ ಬೇಕಾದಷ್ಟು ಜನರನ್ನು ಸೇರಿಸಬೇಕು.

ಎಷ್ಟು ವಾರ

24 ವಾರಕ್ಕಿಂತ ಚಿಕ್ಕ ಪ್ರಯೋಗವನ್ನು ಫಲಿತಾಂಶಕ್ಕಾಗಿ ಓದಬೇಡಿ. 48ರಿಂದ 52 ವಾರ ಇದ್ದರೆ ಒಳ್ಳೆಯದು. ಮಿನಾಕ್ಸಿಡಿಲ್ ಆರಂಭಿಸಿದ ಮೊದಲ ವಾರಗಳಲ್ಲಿ ಸುಮ್ಮನಿದ್ದ ಹಳೆಯ ಕೂದಲು ಹೊಸದಕ್ಕೆ ಜಾಗ ಬಿಟ್ಟು ಉದುರುತ್ತದೆ. ಎಂಟನೇ ವಾರದಲ್ಲಿ ಎಣಿಸಿದರೆ ಮದ್ದು ಹಾನಿ ಮಾಡಿದಂತೆ ಕಾಣಬಹುದು. ಇನ್ನೊಂದು ಮೋಸ ಋತುವಿನದು. ಸಮಶೀತೋಷ್ಣ ದೇಶಗಳಲ್ಲಿ ಬೇಸಿಗೆಯ ಕೊನೆಗೆ ಉದುರುವ ಹಂತದ ಕೂದಲು ಹೆಚ್ಚಿರುತ್ತದೆ. ಆಗ ಆರಂಭಿಸಿ ಆರು ತಿಂಗಳಿಗೆ ಮುಗಿಸಿದ, ಪ್ಲಸೀಬೊ ಇಲ್ಲದ ಪ್ರಯೋಗಕ್ಕೆ ಋತುವೇ ಅರ್ಧ ಫಲಿತಾಂಶ ಕೊಟ್ಟಿರುತ್ತದೆ.

ದೀರ್ಘ ಪ್ರಯೋಗದಲ್ಲಿ ಇನ್ನೊಂದು ಸಂಗತಿ ತಿಳಿಯುತ್ತದೆ. ಫಿನಾಸ್ಟರೈಡ್‌ನವರಿಗೂ ಪ್ಲಸೀಬೊದವರಿಗೂ ಇದ್ದ ಅಂತರ ಐದು ವರ್ಷಕ್ಕೆ 277 ಕೂದಲಿಗೆ ಏರಿತು. ಮಾತ್ರೆಯವರಿಗೆ ಐದು ವರ್ಷವೂ ಕೂದಲು ಬೆಳೆಯುತ್ತಲೇ ಹೋಯಿತು ಎಂದು ಇದರರ್ಥವಲ್ಲ. ಅವರದು ಹೆಚ್ಚುಕಡಿಮೆ ನಿಂತಿತು, ಪ್ಲಸೀಬೊದವರದು ಕುಸಿಯುತ್ತ ಹೋಯಿತು. ಇಂಥ ಕಾಯಿಲೆಯಲ್ಲಿ ಇದ್ದದ್ದು ಉಳಿಯುವುದೇ ಗಳಿಕೆ. 'ನನಗೇನೂ ಬೆಳೆಯಲಿಲ್ಲ' ಎಂದು ಮದ್ದು ಬಿಡುವವರು ಈ ಸಾಲನ್ನು ಎರಡು ಸಲ ಓದಬೇಕು.

ಅಂಕಿಗಳ ಒಳಗೆ

ಪ್ಲಸೀಬೊಗೆ 2 ಕೂದಲು, ಮದ್ದಿಗೆ 12 ಕೂದಲು ಹೆಚ್ಚಾದರೆ '500% ಸುಧಾರಣೆ' ಎಂದು ಬರೆಯಬಹುದು. ಲೆಕ್ಕ ತಪ್ಪಲ್ಲ. ಪ್ಲಸೀಬೊ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಈ ಶೇಕಡಾವಾರು ಆಕಾಶಕ್ಕೇರುತ್ತದೆ, ತಲೆಯ ಮೇಲಿನ ಹತ್ತು ಕೂದಲು ಹತ್ತೇ ಆಗಿರುತ್ತವೆ. ಯಾವಾಗಲೂ ಕಳೆಯಿರಿ, ಭಾಗಿಸಬೇಡಿ.

ಬಿಟ್ಟುಹೋದವರನ್ನು ಹುಡುಕಿ. ಮೇಲೆ ಹೇಳಿದ ಮಿನಾಕ್ಸಿಡಿಲ್ ಮಾತ್ರೆಯ ಪ್ರಯೋಗದಲ್ಲಿ 90ರಲ್ಲಿ ಕೊನೆಯವರೆಗೆ ಉಳಿದವರು 68. ಫಲ ಕಾಣದವರು ಮೊದಲು ಹೋಗುತ್ತಾರೆ. ಉಳಿದವರನ್ನಷ್ಟೇ ಲೆಕ್ಕ ಹಾಕಿದರೆ ಮದ್ದು ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸೇರಿಸಿಕೊಂಡ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದ ಕೋಷ್ಟಕ ಇದ್ದರೆ ಅದನ್ನೇ ನೋಡಿ.

ಪ್ರಯೋಗ ನೋಂದಣಿಯಾಗಿದ್ದರೆ ವರದಿಯಲ್ಲಿ ಅದರ ಸಂಖ್ಯೆ ಇರುತ್ತದೆ. ಅಮೆರಿಕ ಸರ್ಕಾರದ ನೋಂದಣಿ ಜಾಲತಾಣವಾದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನದಾದರೆ ಅದು 'ಎನ್‌ಸಿಟಿ' ಅಕ್ಷರಗಳಿಂದ ಆರಂಭ. ಆ ಸಂಖ್ಯೆ ಹಾಕಿ ತೆರೆದು, ಪ್ರಯೋಗಕ್ಕೆ ಮುಂಚೆ ಅವರು ಮುಖ್ಯ ಅಳತೆ ಯಾವುದೆಂದು ಘೋಷಿಸಿದ್ದರು ಎಂದು ನೋಡಿ. 24ನೇ ವಾರದ ಎಣಿಕೆ ಎಂದು ಘೋಷಿಸಿ, ವರದಿಯಲ್ಲಿ 16ನೇ ವಾರದ ದಪ್ಪವನ್ನು ಮುಂದಿಟ್ಟಿದ್ದರೆ ಎಣಿಕೆಯಲ್ಲಿ ಏನೋ ಎಡವಟ್ಟಾಗಿದೆ. ಇಪ್ಪತ್ತು ಅಳತೆ ಮಾಡಿದರೆ ಆಕಸ್ಮಿಕವಾಗಿಯೇ ಒಂದು 'ಗೆದ್ದುಬಿಡಬಹುದು'.

ಇಲಿ, ಪ್ರಯೋಗಾಲಯ

ಎಣ್ಣೆ, ಸೊಪ್ಪಿನ ರಸ 'ಮಿನಾಕ್ಸಿಡಿಲ್‌ನಷ್ಟೇ ಪರಿಣಾಮಕಾರಿ' ಎನ್ನುವ ಬಹಳಷ್ಟು ವರದಿಗಳು ಸಿ57ಬಿಎಲ್/6 ಎಂಬ ಕಪ್ಪು ಇಲಿಗಳ ಮೇಲಿನವು. ಏಳೆಂಟು ವಾರದ ಇಲಿಯ ಬೆನ್ನಿನ ಕೂದಲೆಲ್ಲ ಒಟ್ಟಿಗೆ ವಿಶ್ರಾಂತಿಯ ಹಂತದಲ್ಲಿರುತ್ತದೆ. ಬೋಳಿಸಿ ಮದ್ದು ಹಚ್ಚಿ, ಗುಲಾಬಿ ಚರ್ಮ ಎಷ್ಟು ಬೇಗ ಕಪ್ಪಾಗುತ್ತದೆ ಎಂದು ನೋಡುತ್ತಾರೆ. ಅಲ್ಲಿ ಅಳೆದದ್ದು ಆರೋಗ್ಯವಂತ ಬುಡ ಎಷ್ಟು ಬೇಗ ಎಚ್ಚೆತ್ತಿತು ಎಂಬುದನ್ನು. ಆ ಇಲಿಗೆ ಬೊಕ್ಕತಲೆಯಿಲ್ಲ, ಅದರ ಬುಡ ಕುಗ್ಗಿಲ್ಲ. ಕೂದಲನ್ನು ಮೇಣದಿಂದ ಕಿತ್ತರಂತೂ ಆ ಪೆಟ್ಟಿಗೇ ಬುಡ ಎಚ್ಚರಗೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಭರವಸೆ ಹುಟ್ಟಿಸಿ ಮನುಷ್ಯರಲ್ಲಿ ಸೋತದ್ದಕ್ಕೆ ಸೆಟಿಪಿಪ್ರಾಂಟ್ ಮಾತ್ರೆ ಸಾಕ್ಷಿ. ಬೋಳಾದ ನೆತ್ತಿಯಲ್ಲಿ ಪ್ರೊಸ್ಟಗ್ಲಾಂಡಿನ್ ಡಿ2 ಎಂಬ ರಾಸಾಯನಿಕ ಹೆಚ್ಚಿರುವುದನ್ನು 2012ರಲ್ಲಿ ಕಂಡುಕೊಂಡರು, ಅದನ್ನು ತಡೆಯುವ ಈ ಮಾತ್ರೆಯನ್ನು ಪ್ರಯೋಗಿಸಿದರು, ಎರಡನೇ ಹಂತದಲ್ಲಿ ಅದು ಪ್ಲಸೀಬೊವನ್ನು ಮೀರಲಿಲ್ಲ.

ಅಡ್ಡಪರಿಣಾಮದ ಕೋಷ್ಟಕ

ಇಲ್ಲೂ ಕಳೆಯುವ ಲೆಕ್ಕವೇ. ಫಿನಾಸ್ಟರೈಡ್‌ನ ಮೊದಲ ವರ್ಷದಲ್ಲಿ ಲೈಂಗಿಕ ತೊಂದರೆ ಹೇಳಿದವರು ಮಾತ್ರೆಯವರಲ್ಲಿ 3.8%, ಪ್ಲಸೀಬೊದವರಲ್ಲಿ 2.1%. ಪ್ರಾಸ್ಟೇಟ್ ತೊಂದರೆಗೆ 5 ಮಿಲಿಗ್ರಾಂ ತೆಗೆದುಕೊಂಡ 120 ಗಂಡಸರ ಅಧ್ಯಯನವೊಂದರಲ್ಲಿ, ಹೀಗಾಗಬಹುದು ಎಂದು ಮೊದಲೇ ಹೇಳಿಸಿಕೊಂಡವರಲ್ಲಿ 43.6%, ಹೇಳಿಸಿಕೊಳ್ಳದವರಲ್ಲಿ 15.3% ಮಂದಿ ತೊಂದರೆ ಹೇಳಿದರು. ನಿರೀಕ್ಷೆಗೂ ಪರಿಣಾಮವಿದೆ. ಹಾಗೆಂದು ದೂರುಗಳನ್ನೆಲ್ಲ ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವುದು ತಪ್ಪು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಆತ್ಮಹತ್ಯೆಯ ಆಲೋಚನೆಗಳನ್ನು ಫಿನಾಸ್ಟರೈಡ್ ಮಾತ್ರೆಯ ಅಡ್ಡಪರಿಣಾಮವೆಂದು ಖಚಿತಪಡಿಸಿತು. ಮನಸ್ಸು ಕುಗ್ಗಿದಂತಾದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರಿಗೆ ಹೇಳಬೇಕು. ಪ್ರಾಸ್ಟೇಟ್‌ನ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವಾಗಲೂ ಮಾತ್ರೆಯ ವಿಷಯ ತಿಳಿಸಿ. ಫಿನಾಸ್ಟರೈಡ್ ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ.

ಅಪರೂಪದ ತೊಂದರೆ ಸಣ್ಣ ಪ್ರಯೋಗದಲ್ಲಿ ಕಾಣುವುದೇ ಇಲ್ಲ. 300 ಜನರಲ್ಲಿ ಒಬ್ಬರಿಗೂ ಆಗಲಿಲ್ಲವೆಂದರೆ, ಅದು ನೂರಕ್ಕೆ ಒಬ್ಬರಿಗೆ ಆಗುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು: 3ನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ ಆ ಮೇಲ್ಮಿತಿ ಸಿಗುತ್ತದೆ. ಕಡಿಮೆ ಪ್ರಮಾಣದ ಮಿನಾಕ್ಸಿಡಿಲ್ ಮಾತ್ರೆಯ ಬಗ್ಗೆ 1,404 ಜನರ ದಾಖಲೆ ಒಟ್ಟುಗೂಡಿಸಿದ 2021ರ ವರದಿ ಬೆಲೆಯುಳ್ಳದ್ದಾಗುವುದು ಇದಕ್ಕೇ. ಅವರಲ್ಲಿ 15.1% ಮಂದಿಗೆ ಬೇಡದ ಕಡೆ ಕೂದಲು ಬೆಳೆಯಿತು.

ನಿಮ್ಮ ತಲೆಯ ಮೇಲೆ ಇದೇ ಶಿಸ್ತು

ವೈದ್ಯರು ಬರೆದುಕೊಟ್ಟ ಮದ್ದು ಶುರು ಮಾಡುವ ಮುಂಚೆಯೇ ಮೊದಲ ಚಿತ್ರ ತೆಗೆದಿಡಿ. ಆಮೇಲೆ ತೆಗೆದದ್ದಕ್ಕೆ ಹೋಲಿಕೆಯೇ ಇರದು. ಕೂದಲು ತೊಳೆದು ಪೂರ್ತಿ ಒಣಗಿರಲಿ, ಎಣ್ಣೆ ಬೇಡ. ಒದ್ದೆ ಕೂದಲು ಅಂಟಿಕೊಂಡು ನೆತ್ತಿ ಇರುವುದಕ್ಕಿಂತ ಬೋಳಾಗಿ ಕಾಣುತ್ತದೆ. ಕೂದಲಿನ ಉದ್ದ ಪ್ರತಿ ಸಲ ಒಂದೇ ಇರಲಿ, ಬೈತಲೆ ಅದೇ ಜಾಗದಲ್ಲಿ ತೆಗೆಯಿರಿ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕುಳಿತು, ನೆಲದ ಮೇಲೆ ಗುರುತು ಮಾಡಿದ ಜಾಗದಿಂದ ಇನ್ನೊಬ್ಬರು ಚಿತ್ರ ತೆಗೆಯಲಿ. ಕಿಟಕಿಯ ಬೆಳಕು ಹೊತ್ತಿಗೊಂದು ಥರ. ಪರದೆ ಎಳೆದು ಒಂದೇ ದೀಪ ಹಾಕಿ. ಫೋನಿನ ಮುಖ ಸುಂದರಗೊಳಿಸುವ ಸೌಲಭ್ಯ, ಅಗಲ ಮಸೂರ ಎರಡನ್ನೂ ಬಳಸಬೇಡಿ. ಮುಂದಲೆ, ಎರಡು ಹಣೆಮೂಲೆ, ನೆತ್ತಿ, ಬೈತಲೆ: ಐದು ಚಿತ್ರ ಸಾಕು. ಮೂರು ತಿಂಗಳಿಗೊಮ್ಮೆ ತೆಗೆಯಿರಿ, ನಡುವೆ ದಿನಾ ಕನ್ನಡಿಯಲ್ಲಿ ಲೆಕ್ಕ ಹಾಕಬೇಡಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ.

ಹನ್ನೆರಡು ತಿಂಗಳಾದ ಮೇಲೆ ಮೊದಲ ಮತ್ತು ಕೊನೆಯ ಚಿತ್ರಗಳ ದಿನಾಂಕ ಮುಚ್ಚಿ, ಜೋಡಿಗಳನ್ನು ಎಡಬಲ ಕಲಸಿ, ನಿಮ್ಮ ಚಿಕಿತ್ಸೆಯ ಬಗ್ಗೆ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಿ. ಪ್ರತಿ ಜೋಡಿಯಲ್ಲೂ ಯಾವುದರಲ್ಲಿ ಕೂದಲು ಹೆಚ್ಚಿದೆ ಎಂದು ಮಾತ್ರ ಕೇಳಿ. 'ವ್ಯತ್ಯಾಸ ಗೊತ್ತಾಗುತ್ತಿಲ್ಲ' ಎಂಬ ಉತ್ತರವನ್ನೂ ಹಾಗೆಯೇ ಬರೆದುಕೊಂಡು, ಆ ಹಾಳೆಯನ್ನು ಚಿತ್ರಗಳ ಜೊತೆ ವೈದ್ಯರಿಗೆ ತೋರಿಸಿ.